ಏಳು ಪಾಯಿಂಟ್ ಒಂದು

ರಾಯಚೂರಿನ ನಮ್ಮ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಮೊದಲು ಉತ್ತರ, ಆಮೇಲೆ ಪ್ರಯೋಗ. ಹತ್ತು ಎಂಎಲ್ ಆಮ್ಲಕ್ಕೆ ಹೆಚ್ಚುಕಡಿಮೆ ಹತ್ತು ಎಂಎಲ್ ಕ್ಷಾರ ಬೀಳಬೇಕು ಎನ್ನುವುದು ಎಲ್ಲರಿಗೂ ಗೊತ್ತು. ಹೀಗಾಗಿ ಬ್ಯೂರೆಟ್ಟಿನ ಅಳತೆಗೊಳವೆಯಲ್ಲಿ ಎಷ್ಟಾದರೂ ಬರಲಿ, ಹಾಳೆಯ ಮೇಲೆ ಬೀಳುತ್ತಿದ್ದದ್ದು ಒಂಬತ್ತು ಪಾಯಿಂಟ್ ಒಂಬತ್ತು, ಇಲ್ಲವೇ ಹತ್ತು. ಸೀನಿಯರ್‌ಗಳು ಹಾಗೆ ಬರೆದಿದ್ದರು, ನಾವೂ ಬರೆದೆವು. ಇದನ್ನು ಗೇಲಿ ಮಾಡುತ್ತಿದ್ದವಳು ನಾನೊಬ್ಬಳೇ. ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ಬಾಯಿ ನನ್ನದು, ಎದುರಿನವರು ಏನೇ ಅಂದರೂ ಪುರಾವೆ ಕೇಳುವ ಚಟ. ಗೇಲಿ ಮಾಡುತ್ತಲೇ ನಾನೂ ಅದನ್ನೇ ಬರೆಯುತ್ತಿದ್ದೆ ಎಂಬುದನ್ನು ಮಾತ್ರ ಯಾವ ವೇದಿಕೆಯಲ್ಲೂ ಹೇಳಿರಲಿಲ್ಲ.

ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ದಿನ ಮೇಷ್ಟ್ರು ನನ್ನನ್ನು ಕರೆದರು. ಗಾಢ ಕ್ಷಾರದಲ್ಲಿ ನೂರು ಎಂಎಲ್ ತೆಗೆದು, ಲೀಟರಿಗೆ ನೀರು ಬೆರೆಸಿ, ಅದನ್ನು ಸೊನ್ನೆ ಪಾಯಿಂಟ್ ಒಂದು ನಾರ್ಮಲ್‌ಗೆ ಅವರೇ ಇಳಿಸಿದ್ದರು. ಅದೇ ಸಾಂದ್ರತೆಯ ಆಕ್ಸಾಲಿಕ್ ಆಮ್ಲ ಒಂದು ಲೀಟರ್ ಬೇಕಿತ್ತು. ಈ ಆಮ್ಲವನ್ನು ಅಳತೆಗೋಲು ಮಾಡಿಕೊಂಡೇ ನಾವು ಕ್ಷಾರದ ಸಾಂದ್ರತೆ ಕಂಡುಹಿಡಿಯಬೇಕು. ಲೆಕ್ಕದಲ್ಲಿ ನೀನು ಚುರುಕು, ನೀನೇ ತೂಗಿ ಮಾಡು ಎಂದು ಹೇಳಿ ಹೋದರು.

ಅಟೆಂಡರ್ ಕಾಕಾ ಆಗಲೇ ಆರು ಪಾಯಿಂಟ್ ಮೂರು ಗ್ರಾಂ ತೂಗಿಟ್ಟಿದ್ದ. ನಾನು ಲೆಕ್ಕ ಹಾಕಿದೆ. ಆಮ್ಲದ ಅಣುತೂಕ ತೊಂಬತ್ತು, ನಾರ್ಮಲ್ ಲೆಕ್ಕಕ್ಕೆ ಅದರರ್ಧ ನಲವತ್ತೈದು, ಅದರ ಹತ್ತರಲ್ಲೊಂದು ಪಾಲು ನಾಲ್ಕೂವರೆ. ಇಷ್ಟೇ ಸಾಕು ಎಂದೆ.

"ಇಷ್ಟು ವರ್ಷ ಆರು ಪಾಯಿಂಟ್ ಮೂರೇ ಹಾಕೀವಿ, ಯವ್ವಾ."

"ಇಷ್ಟು ವರ್ಷ ಅನ್ನೋದು ಪುರಾವೆ ಅಲ್ಲ ಕಾಕಾ. ಆರು ಪಾಯಿಂಟ್ ಮೂರು ಯಾಕ, ಅದನ್ನ ಹೇಳ್ರಿ."

ಅವನು ಹೆಚ್ಚಾದ ಹರಳುಗಳನ್ನು ಚಮಚದಿಂದ ತೆಗೆದು ಮತ್ತೆ ಡಬ್ಬಿಗೆ ಹಾಕಿದ. ಉಳಿದ ನಾಲ್ಕೂವರೆ ಗ್ರಾಂ ಕರಗಿಸಿ ಸೀಸೆ ತುಂಬಿದೆ. ನಾನು ಗೆದ್ದೆ.

ಮರುದಿನ ನಮ್ಮ ಬ್ಯಾಚಿನಲ್ಲಿ ಹನ್ನೆರಡು ಮಂದಿ. ನನ್ನ ಪಕ್ಕದ ಟೇಬಲ್ಲಿನವಳು ದೇವದುರ್ಗದ ಕಡೆಯವಳು, ಮಾತು ಕಡಿಮೆ. ಮಾನ್ವಿಯ ಅಕ್ಕಿ ಗಿರಣಿಯೊಂದರಲ್ಲಿ ಭತ್ತದ ತೇವಾಂಶ ಪರೀಕ್ಷಿಸುವ ಕೆಲಸ ಅವಳಿಗೆ ನಿಗದಿಯಾಗಿತ್ತು. ಆದರೆ ಈ ಸಲವೇ ಪಾಸಾಗಬೇಕು, ಮುಂದಿನ ಸಲದ ತನಕ ಕಾಯುವುದಿಲ್ಲ ಎಂದು ಗಿರಣಿಯವರು ಖಡಾಖಂಡಿತ ಹೇಳಿದ್ದರಂತೆ.

ಬ್ಯೂರೆಟ್ಟನ್ನು ಸೊನ್ನೆಯ ಗೆರೆಗೆ ತುಂಬಿ ಕ್ಷಾರ ಬಿಡತೊಡಗಿದೆ. ಏಳು ಪಾಯಿಂಟ್ ಒಂದಕ್ಕೇ ಆಮ್ಲವೆಲ್ಲ ತೀರಿ ಫ್ಲಾಸ್ಕು ಗುಲಾಬಿಯಾಯಿತು. ಮತ್ತೆ ಮಾಡಿದೆ. ಮತ್ತೆ ಏಳು ಪಾಯಿಂಟ್ ಒಂದು. ಎಲ್ಲೋ ನನ್ನ ಕೈ ತಪ್ಪಿರಬೇಕು ಅಂದುಕೊಂಡೆ. ಕಂಡದ್ದನ್ನೆಲ್ಲ ಅನುಮಾನಿಸುವವಳಿಗೆ ತಾನೇ ತುಂಬಿದ ಸೀಸೆಯ ಮೇಲೆ ಅನುಮಾನ ಬರಲಿಲ್ಲ ನೋಡಿ. ಒಂಬತ್ತು ಪಾಯಿಂಟ್ ಒಂಬತ್ತು ಎಂದು ಬರೆದು ಹಾಳೆ ಕೊಟ್ಟೆ.

ಬೇರೆ ಊರಿನಿಂದ ಬಂದಿದ್ದ ಪರೀಕ್ಷಕರು ಹಾಳೆಗಳನ್ನು ತಿರುವುತ್ತ ದೇವದುರ್ಗದವಳನ್ನು ಕರೆದರು. ಕ್ಷಾರದ ಸಾಂದ್ರತೆ ಉಳಿದವರೆಲ್ಲರ ಹಾಳೆಯಲ್ಲಿ ಸೊನ್ನೆ ಪಾಯಿಂಟ್ ಒಂದರ ಆಸುಪಾಸಿನಲ್ಲಿತ್ತು, ಏಳು ಪಾಯಿಂಟ್ ಒಂದರಿಂದ ಲೆಕ್ಕ ಹಾಕಿದ ಇವಳದೊಂದು ಸೊನ್ನೆ ಪಾಯಿಂಟ್ ಒಂದು ನಾಲ್ಕು. ಇನ್ನೊಮ್ಮೆ ಮಾಡು ಅಂದರು. ಅವರೆದುರಿಗೇ ಮಾಡಿದಳು, ಅದೇ ಬಂತು. ಹೊಡೆದು ತಿದ್ದಿ ಬರೆ, ಇಲ್ಲದಿದ್ದರೆ ನಿಖರತೆಯ ಅಂಕ ಪೂರ್ತಿ ಹೋಗುತ್ತದೆ, ಆ ಅಂಕವಿಲ್ಲದೆ ನೀನು ಪಾಸಾಗುವುದಿಲ್ಲ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಬಂದಿದ್ದು ಏಳು ಪಾಯಿಂಟ್ ಒಂದು ರೀ ಸರ್. ಹತ್ತು ಹೆಂಗ ಬರೀಲಿ?"

"ಹನ್ನೊಂದು ಮಂದಿಗೆ ಬಂದದ್ದು ನಿನಗೊಬ್ಬಾಕಿಗೆ ಯಾಕ ಬರಲಿಲ್ಲವ್ವಾ?"

"ದೇವದುರ್ಗದಾಗ ಹತ್ತು ಅಂದ್ರ ಏಳೇ ರೀ ಸರ್" ಎಂದು ಹಿಂದಿನಿಂದ ಯಾರೋ ಅಂದರು. ಒಂದಿಬ್ಬರು ನಕ್ಕರು. ಅವಳು ಅಲುಗಲಿಲ್ಲ. ಪರೀಕ್ಷಕರು ಕೆಂಪು ಪೆನ್ನಿನ ಮುಚ್ಚಳ ತೆಗೆದರು.

ಅವಳ ಮುಖ ನೋಡಲಾಗದೆ ನಾನು ಕಪಾಟಿನ ಕಡೆ ನೋಡಿದೆ. ಆಕ್ಸಾಲಿಕ್ ಡಬ್ಬಿಯ ಚೀಟಿಯ ಮೇಲೆ ಹೆಸರಿನ ಜೊತೆಗೇ ಅಚ್ಚಾಗಿತ್ತು: ಡೈಹೈಡ್ರೇಟ್. ಹರಳಿನ ಒಂದೊಂದು ಅಣುವಿಗೂ ಎರಡು ಅಣು ನೀರು ಅಂಟಿಕೊಂಡಿರುತ್ತದೆ. ಅದರ ತೂಕ ಮೂವತ್ತಾರು ಕೂಡಿದರೆ ನೂರಾ ಇಪ್ಪತ್ತಾರು, ಅರ್ಧ ಅರವತ್ಮೂರು. ಲೀಟರಿಗೆ ಆರು ಪಾಯಿಂಟ್ ಮೂರು. ನಾನು ಹಾಕಿದ್ದು ನಾಲ್ಕೂವರೆ. ಅಂದರೆ ಹತ್ತು ಬೀಳಬೇಕಾದ ಕಡೆ ಬೀಳುವುದು ಏಳು ಪಾಯಿಂಟ್ ಒಂದೇ. ಅವಳು ನನ್ನ ತಪ್ಪನ್ನು ಸರಿಯಾಗಿ ಅಳೆದಿದ್ದಳು.

ವಾದ ಎಲ್ಲಿಂದ ಶುರುಮಾಡಿ ಎಲ್ಲಿಗೆ ಒಯ್ಯಬೇಕೆಂದು ನನಗೆ ಸದಾ ಗೊತ್ತಿರುತ್ತಿತ್ತು. ಇದು ಎಲ್ಲಿಗೆ ಹೋಗುತ್ತದೆ ಎಂಬುದೂ ಗೊತ್ತಾಯಿತು. ಅವಳದು ಸರಿಯಾದರೆ ಉಳಿದ ಹನ್ನೊಂದೂ ಸುಳ್ಳು, ಅದರಲ್ಲಿ ನನ್ನದೂ ಒಂದು. ಕೆಂಪು ಪೆನ್ನು ಅವಳ ಹಾಳೆಗೆ ತಾಗುವುದರಲ್ಲಿತ್ತು.

"ಸರ್, ಆ ಆಮ್ಲ ನಾ ಮಾಡೀನಿ. ತೂಕ ತಪ್ಪಾಗ್ಯದ."

ಬಾಗಿಲ ಬಳಿ ನಿಂತಿದ್ದ ಮೇಷ್ಟ್ರ ಮುಖ ಸುಣ್ಣದಂತಾಯಿತು. ಪರೀಕ್ಷಕರು ಡಬ್ಬಿ ತರಿಸಿ ಚೀಟಿ ಓದಿದರು, ಹಾಳೆಯ ಅಂಚಿನಲ್ಲಿ ಲೆಕ್ಕ ಹಾಕಿದರು. ಆಮೇಲೆ ಕಟ್ಟಿನೊಳಗಿಂದ ನನ್ನ ಹಾಳೆ ಎಳೆದರು.

"ಹಂಗಾದ್ರ ಈ ಒಂಬತ್ತು ಪಾಯಿಂಟ್ ಒಂಬತ್ತು ಎಲ್ಲಿಂದ ಬಂತು?"

"ಬಂದಿಲ್ಲ ಸರ್. ನಾ ಬರದೀನಿ."

ಬೆನ್ನ ಹಿಂದೆ ಹಾಗೇ ಬರೆದಿದ್ದ ಇನ್ನೂ ಹತ್ತು ಜನರಿದ್ದರು. ಅವರ ಪರವಾಗಿಯೂ ನಾನೇ ಒಪ್ಪಿಕೊಂಡಂತಾಗಿತ್ತು.

ಪರೀಕ್ಷಕರು ಹನ್ನೆರಡೂ ಹಾಳೆಗಳನ್ನು ಪಕ್ಕಕ್ಕಿಟ್ಟರು. ಕಾಕಾನಿಂದ ಹೊಸದಾಗಿ ತೂಗಿಸಿ, ಮುಕ್ಕಾಲು ಗಂಟೆ ಕೊಟ್ಟು, ಒಬ್ಬೊಬ್ಬರ ಬ್ಯೂರೆಟ್ಟನ್ನೂ ತಾವೇ ಬಗ್ಗಿ ಓದಿದರು. ಮೂರು ವರ್ಷ ಬರೀ ಹಾಳೆ ತುಂಬಿದ ಕೈಗಳು ನಮ್ಮವು. ಒಬ್ಬರದು ಹತ್ತು ದಾಟಿತು, ಒಬ್ಬರ ಫ್ಲಾಸ್ಕು ಬೀಟ್‌ರೂಟ್ ರಸದಂತಾಯಿತು. ನನ್ನದು ಹತ್ತು ಪಾಯಿಂಟ್ ಆರು. ದೇವದುರ್ಗದವಳದು ಹತ್ತು, ಎರಡು ಸಲವೂ. ಅವಳಿಗೆ ಪೂರ್ತಿ ಅಂಕ. ನಮಗೆ, ಮೊದಲ ಹಾಳೆಯ ದಂಡವೂ ಸೇರಿ, ಪಾಸಾಗಲು ಬೇಕಾದಷ್ಟೇ.

ಬಸ್ ಸ್ಟ್ಯಾಂಡಿನ ತನಕ ಅವಳ ಜೊತೆ ನಡೆದೆ. ಒಂದು ಒಳ್ಳೆಯ ಮಾತು ಬರಬಹುದೆಂದು ಕಾಯುತ್ತಿದ್ದೆ, ಸುಳ್ಳೇಕೆ ಹೇಳಲಿ.

"ನಿನಗೂ ಏಳು ಪಾಯಿಂಟ್ ಒಂದೇ ಬಂದಿತ್ತಲ್ಲ," ಎಂದಳು. "ನಿನ್ನ ಬ್ಯೂರೆಟ್ ನೋಡೇ ನಾ ಗಟ್ಟಿ ನಿಂತಿದ್ನಿ. ಆಕಿದೂ ಇಷ್ಟೇ ಅದ ಅಂದ್ರ ಸರಿನೇ ಇರ್ತದ ಅಂತ. ಆಮ್ಯಾಲ ನೀ ಬರಿಯೋದೂ ನೋಡಿದ್ನಿ."

"ಸರ್‌ಗ ಯಾಕ ಹೇಳಲಿಲ್ಲ?"

"ನೀ ಹೇಳ್ತಿ ಅಂತ ಕಾಯಾಕತ್ತಿದ್ನಿ."

ದೇವದುರ್ಗದ ಬಸ್ಸು ಬಂದು ನಿಂತಿತು. ಅವಳು ಕಿಟಕಿಯೊಳಗೆ ಕರವಸ್ತ್ರ ಎಸೆದು ಸೀಟು ಹಿಡಿದಳು, ಜನರ ನಡುವೆ ನುಗ್ಗಿ ಹತ್ತಿದಳು.