ನೂರು ಬೀಗಕ್ಕೆ ಒಂದೇ ಕೀ

ನಮ್ಮ ದೊಡ್ಡಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನಲವತ್ತು ವರ್ಷ ಬೀಗಕ್ಕೆ ಸ್ಪ್ರಿಂಗ್ ಸುತ್ತಿ ಸುತ್ತಿ ಅವಳೂ ಸ್ಪ್ರಿಂಗಿನ ಹಾಗೇ ಆಗಿದ್ದಾಳೆ ಎಂದು ಓಣಿಯವರು ನಗುತ್ತಾರೆ. ನಾನು ಅವಳ ತಂಗಿಯ ಮಗಳು. ಓಣಿಯ ಕೊನೆಯ ಕೋಣೆಯಲ್ಲಿ ಬೀಗ ಜೋಡಿಸಿ ಡಬ್ಬಿಗೆ ತುಂಬುವುದು ನನ್ನ ಕೆಲಸ.

ನಮ್ಮಲ್ಲಿ ಯಾವ ಬೀಗವೂ ಒಬ್ಬರ ಕೈಯಲ್ಲಿ ಮುಗಿಯುವುದಿಲ್ಲ. ಎರಕದ ಮಾವ ಹಿತ್ತಾಳೆಯ ಒಡಲು ಎರೆದು, ಸರಿಯಾದ ಕೀಗೆ ಮಾತ್ರ ಜರುಗುವ ಪಿನ್ನಿಗೆ ತೂತು ಕೊರೆಯುತ್ತಾನೆ. ದೊಡ್ಡಮ್ಮ ಆ ಪಿನ್ನನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಮಾಡುತ್ತಾಳೆ. ಎದುರು ಬಾಗಿಲಿನಲ್ಲಿ, ದಪ್ಪ ಕನ್ನಡಕ ಹಾಕುವುದರಿಂದ ನಾವೆಲ್ಲ ಕನ್ನಡಕದವರು ಎನ್ನುವ ಹಿರಿಯರು ಕೀಗೆ ಹಲ್ಲು ಕೊಯ್ಯುತ್ತಾರೆ. ದೊಡ್ಡ ಕಾರ್ಖಾನೆಯ ಬೀಗಗಳು ಪೇಟೆಗೆ ಬಂದ ಮೇಲೆ ನಮ್ಮ ಹಳೆಯ ಮಾದರಿಯನ್ನು ಕೇಳುವವರೇ ಇಲ್ಲದಂತಾಯಿತು. ಎಲ್ಲರೂ ಸೇರಿ ಹೊಸದೊಂದು ಬೀಗ ಮಾಡೋಣ ಎಂದು ದೊಡ್ಡಮ್ಮ ಚಪ್ಪಲಿ ಸವೆಯುವಷ್ಟು ಬಾಗಿಲಿಂದ ಬಾಗಿಲಿಗೆ ಅಲೆದಳು. ಮೂಗು ಮುರಿದವರಿಗೆ ಅವಳು ಕೊಟ್ಟ ಮಾತು ಒಂದೇ: "ಇದು ಕೈಕೊಟ್ರೆ ಮೊದಲು ಮುಚ್ಚೋದು ನನ್ನ ಅಂಗಡಿ ಬಾಗಿಲು." ಅವಳು ಹೇಳಿದರೆ ಹೇಳಿದಂತೆ ಮಾಡುವವಳು. ನನಗೆ ಹೆದರಿಕೆ ಇದ್ದದ್ದೂ ಅದಕ್ಕೇ.

ಕೊನೆಗೆ ಎಲ್ಲರೂ ಒಪ್ಪಿ ಹೊಸ ಬೀಗ ತಯಾರಾಯಿತು. ಒಂದು ಹಾಸ್ಟೆಲಿನ ಮೇಲ್ವಿಚಾರಕಿ ಮೊದಲು ಅಂಥ ಹತ್ತು ಬೀಗ ಒಯ್ದು ನೋಡಿದರು. ಬೀಗ ಚೆನ್ನಾಗಿದೆ, ಆದರೆ ಕೀ ತಿರುಗಿಸಲು ಬಿಗಿ, ಅದನ್ನು ಸರಿಮಾಡಿ ನೂರು ಕೊಡಿ ಎಂದರು. ನಾನು ಜಾಣೆ ಎಂದುಕೊಂಡು ಅದೇ ಮಧ್ಯಾಹ್ನ ಮೂರೂ ಬಾಗಿಲಿಗೆ ಹೋಗಿ ದೂರು ಮುಟ್ಟಿಸಿ ಬಂದೆ. ಮೂವರೂ ತಲೆ ಆಡಿಸಿದರು ಅಷ್ಟೇ.

ನೂರು ಬೀಗ ಜೋಡಿಸಿ ಮುಗಿದಾಗ ಕೊಡಲು ಇನ್ನೂ ಹತ್ತು ದಿನ ಬಾಕಿ ಇತ್ತು. ಕೀ ಸರಾಗವಾಗಿ ತಿರುಗುತ್ತಿತ್ತು. ಖುಷಿಯಲ್ಲಿ ಕೈಜಾರಿ ಎರಡು ಬೀಗದ ಕೀ ಬೆರೆತುಹೋದವು. ಯಾವುದು ಯಾವುದರದ್ದು ಎಂದು ಹಾಕಿ ನೋಡಿದರೆ ಎರಡರಿಂದಲೂ ಎರಡೂ ತೆರೆದವು. ಮೂರನೆಯದಕ್ಕೆ ಹಾಕಿದೆ, ಅದೂ ತೆರೆಯಿತು. ಹಾಸ್ಟೆಲಿನ ನೂರು ಹುಡುಗಿಯರ ಪೆಟ್ಟಿಗೆಗೆ ಹೋಗಬೇಕಾದ ಬೀಗಗಳು ಇವು.

ದೊಡ್ಡಮ್ಮನಿಗೆ ತೋರಿಸಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ಸ್ಟೂಲಿನ ಮೇಲೆ ಕುಸಿದು ಕೂತಳು. ಆಮೇಲೆ ಉಳಿದ ಇಬ್ಬರನ್ನೂ ನನ್ನ ಕೋಣೆಗೆ ಕರೆಸಿ, ಅವರು ಬಾಯಿ ತೆರೆಯುವ ಮೊದಲೇ ಹೇಳಿಬಿಟ್ಟಳು.

"ಬಿಗಿ ಅಂದ್ರಲ್ಲ, ಸ್ಪ್ರಿಂಗಲ್ಲಿ ಒಂದು ಸುತ್ತು ಕಮ್ಮಿ ಮಾಡ್ದೆ. ಯಾರಿಗೂ ಹೇಳ್ಲಿಲ್ಲ. ತಪ್ಪು ನಂದು."

ಎಲ್ಲ ತಪ್ಪನ್ನೂ ತಾನೇ ಹೊತ್ತುಕೊಂಡು ಬಾಗಿಲು ಮುಚ್ಚಿಬಿಡುತ್ತಾಳೆ ಎಂದು ನನಗೆ ಅಳು ಬಂತು. ಅಷ್ಟರಲ್ಲಿ ಕನ್ನಡಕದವರು ಕನ್ನಡಕ ತೆಗೆದು ಒರೆಸತೊಡಗಿದರು. ಕೀಯ ಹಲ್ಲಿನ ಮೂಲೆಯನ್ನು ತಾವೂ ಒಂದಿಷ್ಟು ಉಜ್ಜಿದ್ದಾಗಿ ಹೇಳಿದರು. ಎರಕದ ಮಾವ ಕಿವಿ ಕೆರೆದುಕೊಂಡು ಛಾವಣಿ ನೋಡಿದ. ಅವನು ಪಿನ್ನಿನ ತೂತನ್ನು ಕೂದಲೆಳೆಯಷ್ಟು ಅಗಲಿಸಿದ್ದ. ನಮ್ಮ ಓಣಿಯ ಜಂಭವೇ ಇದು: ಬದಲಿಸಿದೆ ಎಂದರೆ ಮೊದಲು ಮಾಡಿದ್ದು ಸರಿಯಿರಲಿಲ್ಲ ಎಂದು ಒಪ್ಪಿಕೊಂಡಂತೆ. ಹಾಗಾಗಿ ಮೂವರೂ ಗುಟ್ಟಾಗಿ ರಿಪೇರಿ ಮಾಡಿದ್ದರು. ಒಂದು ಬಿಗಿಗೆ ಮೂರು ಸಡಿಲ, ಪಿನ್ನು ಯಾವ ಕೀ ಹಾಕಿದರೂ ಜಾರಿಬಿಡುವಂತಾಗಿತ್ತು!

"ಇನ್ಮೇಲೆ ಒಂದು ಸಲಕ್ಕೆ ಒಬ್ರೇ ಬದಲಿಸೋದು," ಎಂದಳು ದೊಡ್ಡಮ್ಮ. "ಮಿಕ್ಕವರು ಕೈ ಕಟ್ಕೊಂಡು ಕೂತಿರಿ. ನಾನೂ ಸೇರಿ."

ಮರುದಿನ ಬೆಳಿಗ್ಗೆ ಪರೀಕ್ಷೆ ಶುರುವಾಯಿತು. ಮೊದಲು ಮಾಡಿದ್ದ ಬಿಗಿ ಬೀಗವೊಂದನ್ನು ತೆಗೆದುಕೊಂಡು ಬರೀ ಸ್ಪ್ರಿಂಗ್ ಬದಲಿಸಿ ನೋಡಿದೆವು, ಕೀ ಬಿಗಿಯಾಗಿಯೇ ಇತ್ತು. ಬರೀ ತೂತು ಬದಲಿಸಿದರೆ ಬೀಗ ಗಿಲಕಿಯಂತೆ ಸದ್ದು ಮಾಡಿತು. ಕೊನೆಗೆ ಸ್ಪ್ರಿಂಗ್, ತೂತು ಎರಡನ್ನೂ ಮೊದಲಿನಂತೆಯೇ ಬಿಟ್ಟು ಉಜ್ಜಿದ ಕೀಯೊಂದನ್ನೇ ಬಳಸಿದೆವು. ಸಲೀಸಾಗಿ ತಿರುಗಿತು. ಆಮೇಲೆ ನಾನು ಬೇರೆ ಬೀಗಗಳ ಕೀಗಳನ್ನು ಒಂದೊಂದಾಗಿ ಅದಕ್ಕೆ ಹಾಕಿದೆ. ಮೂವರೂ ಬೀಗದ ಮೇಲೇ ಬಗ್ಗಿ ನಿಂತಿದ್ದರು. ಒಂದೂ ಅಲುಗಲಿಲ್ಲ. ಬೀಗ ತೆರೆಯದ್ದಕ್ಕೆ ನಾನು ಅಷ್ಟು ಸಂತೋಷಪಟ್ಟದ್ದು ಜನ್ಮದಲ್ಲಿ ಅದೇ ಮೊದಲು, ಹೊಟ್ಟೆಗೆ ಹಾಲು ಹೊಯ್ದಂತಾಯಿತು. ದೊಡ್ಡಮ್ಮನ ಹಳೆಯ ಸ್ಪ್ರಿಂಗೇ ಸರಿಯಾಗಿತ್ತು ಎಂದು ಕನ್ನಡಕದವರು ಛೇಡಿಸಿದರೆ, ಅವಳು ಮುಖ ಗಂಟಿಕ್ಕಿಕೊಂಡೇ ನಕ್ಕಳು.

ಎರಕದ ಮಾವ ತೂತು ಅಗಲವಾಗಿದ್ದ ನೂರು ಒಡಲನ್ನೂ ಗೊಣಗದೆ ಮತ್ತೆ ಎರೆದ, ದೊಡ್ಡಮ್ಮ ನೂರಕ್ಕೂ ಹಳೆಯಂತೆಯೇ ಸ್ಪ್ರಿಂಗ್ ಸುತ್ತಿದಳು. ಓಣಿಯ ನಲ್ಲಿಯ ಪಕ್ಕದಲ್ಲಿ ಒಂದು ಹಲಗೆ ಬಂತು. ಏನಾದರೂ ಬದಲಿಸಿದವರು ಆ ಭಾಗವನ್ನು ಅಲ್ಲಿಯ ಮೊಳೆಗೆ ನೇತುಹಾಕಬೇಕು. ಅದು ನೇತಾಡುತ್ತಿರುವಷ್ಟು ದಿನ ಬೇರೆ ಯಾರೂ ತಮ್ಮದನ್ನು ಮುಟ್ಟುವಂತಿಲ್ಲ. ಈಗ ನೀರಿಗೆ ಬಂದವರೂ ಅದನ್ನು ಕೈಯಲ್ಲಿ ಹಿಡಿದು ನೋಡಿ ಒಂದು ಮಾತು ಹೇಳಿ ಹೋಗುತ್ತಾರೆ.

ಹಾಸ್ಟೆಲಿನವರು ಬಂದು ಬೇಕೆಂದೇ ಕೀಗಳನ್ನು ಬೆರೆಸಿ ನೋಡಿ, ನೂರನ್ನೂ ಒಯ್ದರು. ಆ ಸಂಜೆ ದೊಡ್ಡಮ್ಮ ಪರೀಕ್ಷೆಗೆ ಬಳಸಿ ಮಿಕ್ಕಿದ್ದ ಬೀಗವನ್ನು ನನ್ನಿಂದ ಕೇಳಿ ತೆಗೆದುಕೊಂಡಳು. ತನ್ನ ಅಂಗಡಿಯ ಬಾಗಿಲಿಗೆ ಅದನ್ನು ಹಾಕಿ ಎರಡು ಸಲ ಜಗ್ಗಿದಳು. ನಾನು ನೋಡುತ್ತಾ ನಿಂತಿದ್ದೆ. ಅವಳು ಕೀಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ನನ್ನ ಕಡೆ ತಿರುಗಿದಳು.

"ಏನು ನೋಡ್ತೀಯ? ನಾಳೆ ಬೆಳಿಗ್ಗೆ ಬೇಗ ಬಾ, ಬಾಗಿಲು ತೆಗೀಬೇಕು."