ಗುಂಡಿ ಅಜ್ಜಿಯ ಪಕ್ಕದ ಕುರ್ಚಿ

ಹಾಲಿನವನ ಸೈಕಲ್ ಬೀದಿಯ ತಿರುವಿನಲ್ಲಿ ಗಂಟೆ ಬಾರಿಸುವ ಹೊತ್ತಿಗೆ ಈ ಮನೆಯ ಅಡುಗೆಕೋಣೆಯಲ್ಲಿ ದೀಪ ಹತ್ತಿರುತ್ತದೆ. ಒಲೆಯ ಮೇಲೆ ಚಹಾ ಕುದಿಯುತ್ತಿದೆ. ದೀಪದ ಕೆಳಗೆ ಕುಳಿತ ಯಜಮಾನರು ಒಂದು ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದಾರೆ. ಬಸ್ ಓಡಿಸಿ ನಿವೃತ್ತರಾದವರು, ಕಣ್ಣು ಇನ್ನೂ ಚುರುಕು. ಬಿಳಿ ದಾರದ್ದು ಕೆಲವು, ನೀಲಿ ದಾರದ್ದು ಕೆಲವು, ಒಂದೊಂದನ್ನೇ ಹಳೆಯ ಸ್ಪಂಜಿನ ತುಂಡಿಗೆ ಚುಚ್ಚಿಡುತ್ತಾರೆ. ಅವರದೇ ಅಂಗಿಯಲ್ಲಿ ಮಾತ್ರ ಒಂದು ಗುಂಡಿ ಇರಬೇಕಾದ ಜಾಗದಲ್ಲಿ ಪಿನ್ನು ಇದೆ.

"ಮನೆಗೆ ಮಾರಿ, ಊರಿಗೆ ಉಪಕಾರಿ ಅಂತಾರಲ್ಲ, ಇವಳನ್ನ ನೋಡೇ ಹೇಳಿರ್ಬೇಕು," ಎಂದು ಪಿನ್ನು ತೋರಿಸುತ್ತಾರೆ. ಹೆಂಡತಿ ಕೇಳಿಸದವರಂತೆ ಚಹಾ ಸೋಸುತ್ತಾರೆ.

ಆ ಹೆಂಡತಿಯೇ ಗುಂಡಿ ಅಜ್ಜಿ. ಹೆಸರಿಟ್ಟವರು ಶಾಲೆಯ ಮಕ್ಕಳು. ಮಾನಸಿಕ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ತಲೆ ಬೆಳ್ಳಗಾದ ಮೇಲೆ ಮನೆಯಲ್ಲಿ ಕಾಲು ಚಾಚಿ ಕೂರಬಹುದಿತ್ತು. ಅದರ ಬದಲು ಊರಂಚಿನ ಮೂರು ಬಡ ಶಾಲೆಗಳಿಗೆ ಒಂದೊಂದು ದಿನ ಒಂದೊಂದರಂತೆ ಹೋಗಿ ಮಕ್ಕಳ ಮನಸ್ಸಿನ ಮಾತು ಕೇಳುತ್ತಾರೆ. ಬಿಡಿಗಾಸು ಮುಟ್ಟುವುದಿಲ್ಲ. ಒಬ್ಬರೇ ಟೀಚರ್ ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಸಂಭಾಳಿಸುವ ಆ ಶಾಲೆಗಳಲ್ಲಿ, ಹಿಂದಿನ ಬೆಂಚಿನ ಮಗು ಯಾಕೆ ಮಂಕಾಗಿದೆ ಎಂದು ಕೇಳಲು ಯಾರಿಗೂ ಪುರುಸೊತ್ತಿಲ್ಲ.

ಆಸ್ಪತ್ರೆಯಲ್ಲಿ ಕಂಡದ್ದೇ ಅವರನ್ನು ಇಲ್ಲಿಗೆ ಎಳೆದು ತಂದಿದೆ. "ಮಕ್ಕಳು ಮರಿ ಆದವರು ಬಂದು ಅಡ್ಮಿಟ್ ಆಗೋರು. ಯಾವಾಗಿಂದ ಹೀಗೆ ಅಂದ್ರೆ, ಸ್ಕೂಲಲ್ಲಿದ್ದಾಗಿಂದ ಅನ್ನೋರು. ಯಾರಿಗಾದ್ರೂ ಹೇಳಿದ್ರಾ ಅಂದ್ರೆ, ಯಾರು ಕೇಳಿದ್ರು ಅನ್ನೋರು. ಉಗುರಲ್ಲಿ ಹೋಗೋದಕ್ಕೆ ಕೊಡ್ಲಿ ತಗೊಂಡ ಹಾಗೆ ಆಗ್ತಿತ್ತು ನಮ್ಮ ಕೆಲಸ."

ಶುರುವಿನಲ್ಲಿ ಎಲ್ಲರೂ ಮಾಡುವ ತಪ್ಪನ್ನೇ ಅವರೂ ಮಾಡಿದರು. ಒಂದು ಮೇಜು, ಆಚೆಗೊಂದು ಈಚೆಗೊಂದು ಕುರ್ಚಿ, ಬಾಗಿಲ ಮೇಲೆ 'ಆಪ್ತ ಸಮಾಲೋಚನೆ' ಎಂಬ ಬೋರ್ಡು. ಬಂದವನು ಒಬ್ಬನೇ ಹುಡುಗ. ಅವನು ಹೊರಗೆ ಕಾಲಿಟ್ಟಾಗ ತರಗತಿಗೆ ತರಗತಿಯೇ "ಹುಚ್ಚ, ಹುಚ್ಚ" ಎಂದು ಕೂಗಿತು. ಆ ವಾರವೆಲ್ಲ ಅವನು ಶಾಲೆಗೆ ಬರಲಿಲ್ಲ. ಅಜ್ಜಿ ಅಂದು ಬಸ್ಸಿನಲ್ಲಿ ಅತ್ತರು. ಆಸ್ಪತ್ರೆಯಲ್ಲೂ ಅಷ್ಟು ಅತ್ತಿರಲಿಲ್ಲ.

ದಾರಿ ತೋರಿಸಿದ್ದು ಗುಂಡಿ ಕಿತ್ತುಹೋದ ಇನ್ನೊಬ್ಬ. ತೋಳಿನ ಗುಂಡಿ ಹೊಲಿದುಕೊಡುತ್ತೇನೆಂದು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಅವರ ಕಣ್ಣು ಸೂಜಿಯ ಮೇಲೆ, ಅವನ ಕಣ್ಣು ಕಿಟಕಿಯ ಮೇಲೆ. ನಾಲ್ಕು ಸುತ್ತು ದಾರ ಹಾಕುವಷ್ಟರಲ್ಲಿ ಹುಡುಗ ತಾನಾಗಿ ಬಾಯಿಬಿಟ್ಟ. ಅಂದೇ ಬೋರ್ಡು ಕೆಳಗಿಳಿಯಿತು, ಮೇಜು ಆಫೀಸಿಗೆ ಹೋಯಿತು. ಅಂದಿನಿಂದ ಆಟದ ಸಾಮಾನಿನ ಕೋಣೆಯಲ್ಲಿ, ಗಾಳಿ ಹೋದ ಚೆಂಡುಗಳ ನಡುವೆ, ಎರಡು ಕುರ್ಚಿಗಳು ಕಿಟಕಿಗೆ ಮುಖ ಮಾಡಿ ಅಕ್ಕಪಕ್ಕ ಇವೆ. ಅಜ್ಜಿಯ ಹತ್ತಿರ ಹೋಗುವವರು ಗುಂಡಿ ಹಾಕಿಸಿಕೊಳ್ಳಲು ಹೋಗುತ್ತಾರೆ, ಅಷ್ಟೆ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ.

ಸೂಜಿಗಳನ್ನು ಮನೆಯಲ್ಲೇ ಸಿದ್ಧ ಮಾಡಿಕೊಳ್ಳುವುದೂ ಇದಕ್ಕೇ. "ಮಗು ಬಾಯಿಬಿಡೋ ಹೊತ್ತಲ್ಲಿ ನಾನು ಸೂಜಿ ಕಣ್ಣು ಹುಡುಕ್ತಾ ಕೂತ್ರೆ, ಮಾತು ಓಡಿಹೋಗುತ್ತೆ," ಎನ್ನುತ್ತಾರೆ. ದಿನಕ್ಕೆ ಐದಾರು ಮಕ್ಕಳು ಬರುತ್ತಾರೆ. ತಮ್ಮ ಕೈ ಮೀರಿದ್ದಾದರೆ ಮೊದಲು ಮಗುವಿಗೆ ಹೇಳಿ, ಆಮೇಲೆ ಹಳೆಯ ಆಸ್ಪತ್ರೆಯ ಡಾಕ್ಟರಮ್ಮನ ಬಳಿಗೆ ತಾವೇ ಕರೆದುಕೊಂಡು ಹೋಗುತ್ತಾರೆ.

ಕಳೆದ ವರ್ಷ ಹೀಗೆ ಬರುತ್ತಿದ್ದವರಲ್ಲಿ ಒಂದು ಶಾಲೆಯ ಎಂಟನೆಯ ತರಗತಿಯ ಒಬ್ಬ ಹುಡುಗಿಯಿದ್ದಳು. ವಾರವಾರವೂ ಅದೇ ತೋಳಿನ ಅದೇ ಗುಂಡಿ. ಬ್ಲೇಡಿನಲ್ಲಿ ಕತ್ತರಿಸಿದ ದಾರ ಹೇಗಿರುತ್ತದೆಂದು ಅಜ್ಜಿಗೆ ಗೊತ್ತಿತ್ತು, ಆದರೂ ಏನೂ ಅರಿಯದವರಂತೆ ಹೊಲಿದರು. ಅವಳು ಮಳೆ, ಪರೀಕ್ಷೆ, ಬೆಕ್ಕಿನ ಮರಿ ಎಲ್ಲದರ ಬಗ್ಗೆಯೂ ಮಾತಾಡುತ್ತಿದ್ದಳು. ನಡುವೆ ಇದ್ದಕ್ಕಿದ್ದಂತೆ ತುಟಿ ಬಿಗಿಯುತ್ತಿದ್ದಳು. ಕೊನೆಗೊಂದು ದಿನ, ಮುಂದಿನ ವಾರ ಒಂದು ವಿಷಯ ಹೇಳುತ್ತೇನೆ ಎಂದಳು.

ಮುಂದಿನ ವಾರ ಅಜ್ಜಿ ಆ ಶಾಲೆಗೆ ಹೋದರೆ ಅಂಗಳದ ತುಂಬ ಹೊಸ ಬಟ್ಟೆ. ಯಾರೋ ಪುಣ್ಯಾತ್ಮರು ಎಲ್ಲ ಮಕ್ಕಳಿಗೂ ಸಮವಸ್ತ್ರ ಕೊಟ್ಟಿದ್ದರು. ತಲೆಯ ಮೇಲಿಂದ ಹಾಕಿಕೊಳ್ಳುವ ಟೀ ಶರ್ಟು, ಒಂದೇ ಒಂದು ಗುಂಡಿಯಿಲ್ಲ. ಹೆಡ್ ಮೇಡಂಗೆ ಹಿಗ್ಗೋ ಹಿಗ್ಗು. ಇನ್ನು ಹೊಲಿಯುವ ಕಷ್ಟ ತಪ್ಪಿತು ಸಿಸ್ಟರ್, ಆರಾಮಾಗಿ ಮಕ್ಕಳ ಜೊತೆ ಮಾತಾಡಿ ಎಂದರು. ಗುಂಡಿಯೇ ಬಾಗಿಲಾಗಿತ್ತೆಂದು ಅವರಿಗಾದರೂ ಹೇಗೆ ಗೊತ್ತಾಗಬೇಕು? ಮೇಷ್ಟರಿಗೆ ಗೊತ್ತಾದರೆ ಮಕ್ಕಳಿಗೂ ಗೊತ್ತಾಗುತ್ತದೆಂದು ಅಜ್ಜಿ ಯಾರಿಗೂ ಹೇಳಿರಲಿಲ್ಲ. ಬಿಸಿತುಪ್ಪ ಉಗುಳುವಂತೆಯೂ ಇಲ್ಲ, ನುಂಗುವಂತೆಯೂ ಇಲ್ಲ.

ಅಂದು ಯಾರೂ ಬರಲಿಲ್ಲ. ಮರುವಾರವೂ ಅಷ್ಟೆ. ಹುಡುಗಿ ದೂರದ ಜಗಲಿಯ ಕಂಬಕ್ಕೊರಗಿ ನಿಂತು, ಕೋಣೆಯ ಕಡೆ ನೋಡಿ, ತಲೆ ತಗ್ಗಿಸುತ್ತಿದ್ದಳು. ಕರೆದುಬಿಡೋಣ ಎಂದು ನಾಲಿಗೆಯ ತುದಿಗೆ ಬಂದರೂ ಆ ಹಳೆಯ ಕೂಗು ಕಿವಿಯಲ್ಲಿತ್ತು. ರಾತ್ರೋರಾತ್ರಿ ಹೋಗಿ ಎಲ್ಲರ ಟೀ ಶರ್ಟಿಗೂ ಕತ್ತರಿ ಹಾಕಿ ಬರಲೇ ಎಂದು ಯಜಮಾನರು ಕೇಳಿದರಂತೆ. ಅವರಿಗೂ ನಗು ಬಂದಿರಲಿಲ್ಲ.

ಮೂರನೆಯ ವಾರ, ಊಟದ ಬಿಡುವಿನಲ್ಲಿ, ಹುಡುಗಿ ಕಂಬ ಬಿಟ್ಟು ಹೊರಟಳು. ಜಗಲಿಯ ಮೇಲೆ ಗೆಳತಿಯರೆಲ್ಲ ಕುಳಿತಿದ್ದರು. ಎಲ್ಲಿಗೆ ಹೊರಟೆ, ಏನು ಹರಿಯಿತು ಎಂದು ಒಬ್ಬಳು ಕೇಳಿದ್ದು ಕೋಣೆಯೊಳಗೂ ಕೇಳಿಸಿತು.

"ಏನೂ ಹರಿದಿಲ್ಲ ಕಣೇ," ಎಂದಳು ಹುಡುಗಿ. "ಅಜ್ಜಿ ಹತ್ರ ಮಾತಾಡ್ಬೇಕು, ಅದಕ್ಕೆ."

ಯಾರೂ ಕೂಗಲಿಲ್ಲ. ಅವಳು ಬಂದು ಪಕ್ಕದ ಕುರ್ಚಿಯಲ್ಲಿ ಕುಳಿತಳು. ಏನು ಹೇಳಿದಳೆಂಬುದು ಅವರಿಬ್ಬರ ಮಾತು, ಈ ಬರಹಕ್ಕೆ ಬರುವುದಿಲ್ಲ. ಈಗ ಅವಳು ಒಂಬತ್ತನೆಯ ತರಗತಿಯಲ್ಲಿದ್ದಾಳೆ, ಚೆನ್ನಾಗಿದ್ದಾಳೆ. ಏನು ಹರಿಯಿತು ಎಂದು ಕೇಳಿದ ಗೆಳತಿಯೂ ಮರುವಾರ ಬಂದು ಬಾಗಿಲಲ್ಲಿ ನಿಂತಿದ್ದಳು, ಬರಿಗೈಯಲ್ಲಿ.

ಬೆಳಕು ಹರಿಯುತ್ತಿದೆ. ಅಜ್ಜಿ ಸ್ಪಂಜನ್ನು ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಇಂದು ಹೋಗುವ ಆ ಟೀ ಶರ್ಟಿನ ಶಾಲೆಯಲ್ಲಿ ಗುಂಡಿಯೇ ಇಲ್ಲದ ಮೇಲೆ ಸೂಜಿ ಯಾಕೆ ಎಂದರೆ, ಬ್ಯಾಗಿನ ಪಟ್ಟಿಯಾದರೂ ಕಿತ್ತಿರುತ್ತದೆ ಎನ್ನುತ್ತಾರೆ. "ಎಲ್ಲರಿಗೂ ಅವಳಷ್ಟು ಧೈರ್ಯ ಇರುತ್ತಾ? ನೆಪ ಬೇಕಾದವರಿಗೆ ನೆಪ ಇರ್ಲಿ."

ಇನ್ನೇನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ, ಚಪ್ಪಲಿ ಮೆಟ್ಟುತ್ತಿದ್ದವರು ಒಂದು ಗಳಿಗೆ ನಿಂತು, ಗಂಡನ ಅಂಗಿಯ ಪಿನ್ನನ್ನು ನೋಡುತ್ತಾರೆ.

"ಎಲ್ಲಾ ಮಕ್ಕಳೂ ಬರಿಗೈಲಿ ಬರೋ ಹಾಗಾಗ್ಲಿ. ಆವತ್ತು ನನ್ನ ಸೂಜಿಗೆ ಬಿಡುವು ಸಿಗುತ್ತಲ್ಲ, ಮೊದಲು ಇವರ ಗುಂಡಿ ಹೊಲಿದುಕೊಡ್ತೀನಿ."

"ಅಲ್ಲೀವರೆಗೂ ಪಿನ್ನೇ ಇರ್ಲಿ ಬಿಡು," ಎನ್ನುತ್ತಾರೆ ಯಜಮಾನರು, ಚೀಲವನ್ನು ಅವರ ಕೈಗೆ ಕೊಡುತ್ತ.