ಚಕ್ರದ ಮನೆಗೆ ದಿಕ್ಕು ಯಾವುದು?

ಕೃಷ್ಣಮೂರ್ತಿಪುರಂನ ಬಡಗಿ ರುದ್ರಸ್ವಾಮಿ, ಕಾರಿನ ಹಿಂದೆ ಕಟ್ಟಿ ಎಳೆಯುವಂಥ, ಇಬ್ಬರು ಮಲಗುವ ಪುಟ್ಟ ಗಾಡಿಯೊಂದನ್ನು ಪ್ಲೈವುಡ್ಡಿನಲ್ಲಿ ತಾವೇ ಕಟ್ಟಿದರು. ಹಿಂದಿನ ಮುಚ್ಚಳ ಎತ್ತಿದರೆ ಅಡುಗೆಮನೆ. ವಾಸ್ತು ಪಂಡಿತನೊಬ್ಬ ಬಂದು, ಅಂಗಳದಲ್ಲಿ ನಿಂತಿದ್ದ ಗಾಡಿಯ ಮಂಚ ಕೀಳಿಸಿ, ಮಲಗುವವರ ತಲೆ ಪೂರ್ವಕ್ಕೆ ಬರುವಂತೆ ಮಾಡಿಸಿದ. ಚಕ್ರವಿರುವ ಮನೆಗೂ ದಿಕ್ಕು ಹೇಳಲು ಈ ಪಂಡಿತರಿಗೆ ನಾಚಿಕೆಯಿಲ್ಲವೆ? ಕೇಳುವ ನಮಗಾದರೂ ಇದೆಯೆ?

ಇಲವಾಲದಾಚೆಯ ತೋಪಿನಲ್ಲಿ ತಂಗಲು ಗಾಡಿ ನಿಲ್ಲಿಸಿದಾಗ, ಹೆಂಡತಿ ಮಂಜುಳಮ್ಮ ಮುಳುಗುವ ಸೂರ್ಯನನ್ನು ನೋಡಿ ಹೌಹಾರಿದರು.

"ರೀ, ತಲೆ ಉತ್ತರಕ್ಕೆ ಬಂದ್ಬುಡ್ತಲ್ರೀ! ನಾನಂತೂ ಮಲಗಲ್ಲ, ಮನೆಗೆ ನಡೀರಿ."

"ಪಂಡಿತ ಪೂರ್ವ ಅಂದಿದ್ದ ಕಣೆ."

"ಗಾಡಿ ಜೊತೆ ಪೂರ್ವಾನೂ ತಿರುಗ್ತದಾ?"

ತಬ್ಬಿಬ್ಬಾದ ರುದ್ರಸ್ವಾಮಿ ಗಾಡಿಯನ್ನು ಕಾರಿನಿಂದ ಬಿಚ್ಚಿ, ತಳ್ಳಿ ತಿರುಗಿಸಿದರು. ತಲೆ ಪೂರ್ವಕ್ಕೆ ಬಂತು. ಇದ್ದ ಒಂದೇ ಬಾಗಿಲು ಮಾವಿನ ಮರಕ್ಕೆ ಒತ್ತಿಕೊಂಡಿತು.

"ಈಗ ಒಳಕ್ಕೆ ಹೋಗೋದೆಂಗ್ರೀ?"

"ತಾಳು, ಪಂಡಿತನ್ನೇ ಕೇಳ್ತೀನಿ," ಎಂದು ರುದ್ರಸ್ವಾಮಿ ಫೋನ್ ತೆಗೆದರು.